ಇಡೀ ಗಲ್ಲಿಯ ನಿದ್ದೆ

ಕ್ಯೋಟೋ
14 ಏಪ್ರಿಲ್ 2013

ಅಕ್ಕಾ,

ಕಾಗದ ಬರೆಯುವ ಈ ಉಪಾಯ ಭಾವನದು, ನನ್ನದಲ್ಲ. ನಾವಿಬ್ಬರೂ ಫೋನ್ ಹಿಡಿದರೆ ತಿಂಡಿ ಆಯ್ತಾ, ಊಟ ಆಯ್ತಾ ಮುಗಿಯುವಷ್ಟರಲ್ಲಿ ಜಗಳ. ನೀನು "ಸಾಕು, ವಾಪಸ್ ಬಂದ್ಬಿಡೇ" ಅನ್ನುವುದು, ನಾನು "ಬರಲ್ಲ" ಅನ್ನುವುದು, ಆಮೇಲೆ ಇಬ್ಬರಲ್ಲೊಬ್ಬರು ಫೋನ್ ಕುಕ್ಕುವುದು. ಭೂಕಂಪವಾಗಿ ಎರಡು ವರ್ಷವಾಯಿತು, ಜಗಳ ಮಾತ್ರ ಹಾಗೇ ಇದೆ. "ಕಾಗದದಲ್ಲೇ ಕಚ್ಚಾಡಿ, ಅಂಚೆ ಸೇರೋಷ್ಟರಲ್ಲಿ ಕೋಪ ಇಳಿದಿರತ್ತೆ" ಅಂದರು ಭಾವ. ನೋಡೋಣ.

ಸುದ್ದಿ ಏನೆಂದರೆ, ನಾವು ಟೋಕಿಯೋ ಬಿಟ್ಟೆವು. ಕಂಪನಿಯವರು ಇವರಿಗೆ ಕ್ಯೋಟೋಗೆ ವರ್ಗ ಕೊಟ್ಟರು. ಕೊಟ್ಟರು ಎಂದರೆ ತಪ್ಪಾಗುತ್ತದೆ, ಇವರೇ ಕೇಳಿ ತೆಗೆದುಕೊಂಡರು, ನನಗಾಗಿ. ಅಲ್ಲಿ ಶಿನಾಗಾವಾದ ಹನ್ನೊಂದನೇ ಮಹಡಿಯಲ್ಲಿ ನಾನೊಬ್ಬಳೇ ಇದ್ದಾಗ ಕಟ್ಟಡ ತೂಗಾಡಿತಲ್ಲ, ಅವತ್ತಿನಿಂದ ನನ್ನ ನಿದ್ದೆ ಕೆಟ್ಟೇ ಹೋಗಿತ್ತು. ಕಣ್ಣು ಹತ್ತುವಷ್ಟರಲ್ಲಿ ಮಂಚ ಅಲುಗಿದ ಹಾಗಾಗಿ ಎದ್ದು ಕೂರುತ್ತಿದ್ದೆ. ದೀಪದ ವೈರು ಆಡುತ್ತಿದೆಯೇ ಎಂದು ನೋಡುತ್ತಾ ಬೆಳಗು ಮಾಡುತ್ತಿದ್ದೆ. ನಿನಗೆ ಹೇಳಿದರೆ "ಅದಕ್ಕೇ ಬಾ ಅಂತಿರೋದು" ಎಂದು ಮತ್ತೆ ಅಲ್ಲಿಗೇ ಬರುತ್ತೀಯೆಂದು ಹೇಳಿರಲಿಲ್ಲ.

ಈಗಿನದು ಹಿಗಾಶಿಯಾಮಾ ಎಂಬ ಕಡೆ, ದೊಡ್ಡ ದೇವಸ್ಥಾನಕ್ಕೆ ಹತ್ತುವ ದಾರಿಯ ಪಕ್ಕದ ಒಂದು ಗಲ್ಲಿ. ಹಳೆಯ ಮರದ ಮನೆ. ಹೊಸ್ತಿಲು ದಾಟಿದರೆ ನೆಲ, ಅಕ್ಕ! ಲಿಫ್ಟಿಲ್ಲ, ಕಾರಿಡಾರಿಲ್ಲ, ಕಾಲಿಟ್ಟರೆ ಭೂಮಿ. ಬಂದ ಮೊದಲ ವಾರವೇ ಅರ್ಧ ರಾತ್ರಿಯಷ್ಟಾದರೂ ಗಟ್ಟಿಯಾಗಿ ನಿದ್ದೆ ಬಂತು. ನಾಲ್ಕಕ್ಕೆಲ್ಲ ಎಚ್ಚರವಾಗಿಬಿಡುತ್ತದೆ ನಿಜ, ಆದರೂ ಇಷ್ಟೇ ದೊಡ್ಡದು.

ಒಂದೇ ಚಿಂತೆ. ಮನೆಯ ಮಾಲೀಕರು ಒಕುಮುರಾ-ಸಾನ್ ಎಂದು (ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ), ಎಪ್ಪತ್ತು ದಾಟಿದ ಹೆಂಗಸು, ಪಕ್ಕದ ಮನೆಯಲ್ಲೇ ಒಬ್ಬರೇ ಇದ್ದಾರೆ. ನಮಗೆ ಒಂದು ವರ್ಷಕ್ಕೆ ಮಾತ್ರ ಕೊಟ್ಟಿದ್ದಾರೆ. ಹಳೆಯ ಮನೆಗಳನ್ನು ಪ್ರವಾಸಿಗರ ಹೋಟೆಲ್ ಮಾಡುವ ಒಬ್ಬರು ಈ ಮನೆಯ ಮೇಲೆ ಕಣ್ಣು ಹಾಕಿದ್ದಾರಂತೆ. ಬರುವ ಮಾರ್ಚಿಗೆ ನೋಡೋಣ ಎಂದಿದ್ದಾರೆ ಒಕುಮುರಾ-ಸಾನ್. ಅವರು ಬೇಡವೆಂದರೆ ನಮಗೆ ಕಂಪನಿಯ ಕ್ವಾರ್ಟರ್ಸೇ ಗತಿ. ಅದು ಒಂಬತ್ತನೇ ಮಹಡಿ.

ಹಾಗಾಗಿ ಮಾಲೀಕರ ಮನಸ್ಸು ಗೆಲ್ಲಬೇಕೆಂದು ನಿಶ್ಚಯ ಮಾಡಿದ್ದೇನೆ. ಹಗಲು ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದಸರೆಯ ದಿನ ಸಯ್ಯಾಜಿರಾವ್ ರಸ್ತೆ ಹೇಗೋ ಹಾಗೆ. ಬೆಳಗಿನ ಜಾವ ಮಾತ್ರ ಒಂದು ನರಪಿಳ್ಳೆಯೂ ಇರುವುದಿಲ್ಲ. ಇಲ್ಲಿನವರೂ ಬೆಳಿಗ್ಗೆ ಬಾಗಿಲ ಮುಂದೆ ಗುಡಿಸಿ ನೀರು ಚಿಮುಕಿಸುತ್ತಾರೆ ಕಣೇ, ಥೇಟ್ ನಮ್ಮ ಹಾಗೆ! ಅದನ್ನು ನೋಡಿ ನನಗೆ ಕುಣಿಯುವಂತಾಯಿತು. ಮಾರನೇ ದಿನವೇ ಎಲ್ಲರಿಗಿಂತ ಮೊದಲು ಎದ್ದು ಪೊರಕೆ ಹಿಡಿದೆ. ನಮ್ಮ ಬಾಗಿಲು ಮುಗಿದ ಮೇಲೆ ನಿಲ್ಲಿಸಲು ಮನಸ್ಸು ಬರಲಿಲ್ಲ. ವಯಸ್ಸಾದವರೇ ಇರುವ ಗಲ್ಲಿ, ಪಾಪ. ಒಕುಮುರಾ-ಸಾನ್ ಬಾಗಿಲು, ಬೀಸಣಿಗೆ ಅಂಗಡಿಯವರ ಬಾಗಿಲು, ಎದುರಿನವರದು, ಎಲ್ಲಾ ಗುಡಿಸಿ ನೀರು ಹಾಕಿ ಬಂದೆ. ರಂಗೋಲಿ ಹಾಕಿಲ್ಲ, ಹೆದರಬೇಡ. ಹಾಕಿದ್ದರೆ ಫೋಟೋ ತೆಗೆಯುವವರು ನಿಂತು ದಾರಿಯೇ ಕಟ್ಟಿಹೋಗುತ್ತಿತ್ತು.

ದೀಕ್ಷಾ ಇಲ್ಲಿನ ಶಾಲೆಗೆ ಸೇರಿದ್ದಾಳೆ. ದೊಡ್ಡಮ್ಮನಿಗೆ ಹಾಯ್ ಹೇಳಿದ್ದಾಳೆ.

ನಿನ್ನ ತಂಗಿ
ನೀರಜಾ


ಮೈಸೂರು
3 ಮೇ 2013

ನೀರೂ,

ನಿದ್ದೆ ಬರುವುದಿಲ್ಲ ಎಂಬುದನ್ನು ಎರಡು ವರ್ಷ ನನ್ನಿಂದ ಮುಚ್ಚಿಟ್ಟಿದ್ದೀ. ಅಲ್ಲಿಯವರೆಗೆ ಓದಿ ಸಿಟ್ಟು ಬಂದು ಕಾಗದವನ್ನು ಅಡುಗೆಕಟ್ಟೆಯ ಮೇಲೆ ಎಸೆದೆ. ನಿಮ್ಮ ಭಾವ ಎತ್ತಿಕೊಂಡು ಮುಂದಕ್ಕೆ ಓದಿ ನಗಲು ಶುರು ಮಾಡಿದರು. ಏನೆಂದು ನೋಡಿದರೆ ಪೊರಕೆ. ಅಮ್ಮ ಹತ್ತು ಸಲ ಕೂಗಿದರೂ ಹಿತ್ತಲಿನಲ್ಲಿ ಅಡಗಿ ಕೂರುತ್ತಿದ್ದವಳು ಜಪಾನಿನ ಬೀದಿ ಗುಡಿಸುತ್ತಿದ್ದಾಳೆ! ನನಗೂ ನಗು ಬಂತು. ಆಮೇಲೆ, ನಿದ್ದೆಯಿಲ್ಲದೆ ಗುಡಿಸುತ್ತಿದ್ದಾಳಲ್ಲ ಎಂದು ಸಂಕಟವಾಯಿತು.

ಕೇಶವನಿಗೆ ನಾನು ಮೆಚ್ಚಿದೆನೆಂದು ಹೇಳು. ಹೆಂಡತಿಗೆ ನಿದ್ದೆ ಬರಲೆಂದು ಊರು ಬದಲಾಯಿಸಿದವನನ್ನು ನಾನು ನೋಡಿಲ್ಲ. ನಿಮ್ಮ ಭಾವನಿಗೆ ಈ ಸಾಲನ್ನು ಎರಡು ಸಲ ಓದಿ ಹೇಳಿದೆ.

ಮಾಲೀಕರ ಮನಸ್ಸು ಗೆಲ್ಲು. ಗೆಲ್ಲಲಾಗದಿದ್ದರೆ ಒಂಬತ್ತನೇ ಮಹಡಿಗೆ ಮಾತ್ರ ಹೋಗಬೇಡ. ಎಲ್ಲಿಗೆ ಬರಬೇಕೆಂದು ನಾನು ಹೇಳುವುದಿಲ್ಲ, ಹೇಳಿದರೆ ಜಗಳವಾಗುತ್ತದೆ.

ಸತ್ಯಭಾಮಾ


ಕ್ಯೋಟೋ
16 ಜೂನ್ 2013

ಅಕ್ಕಾ,

ನಾನು ಗೆದ್ದೆ ಎಂದೇ ತಿಳಿದುಕೋ!

ಆಗಿದ್ದು ಹೀಗೆ. ನಾನು ಗಲ್ಲಿ ಗುಡಿಸಲು ಶುರು ಮಾಡಿದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಒಕುಮುರಾ-ಸಾನ್ ಆಗಲೇ ಗುಡಿಸಿ ಮುಗಿಸಿದ್ದಾರೆ. ಅಯ್ಯೋ, ಈ ವಯಸ್ಸಿನಲ್ಲಿ ಯಾಕೆ ಎಂದು ಮಾರನೇ ದಿನ ಇನ್ನೂ ಬೇಗ ಎದ್ದು ನಾನೇ ಮುಗಿಸಿದೆ. ಅದರ ಮಾರನೇ ದಿನ ಅವರು ನನಗಿಂತ ಬೇಗ. ಆಮೇಲೆ ಬೀಸಣಿಗೆ ಅಂಗಡಿಯ ನಿಶಿದಾ-ಸಾನ್ ಸೇರಿಕೊಂಡರು. ಅವರಿಗೆ ಸೊಂಟ ನೋವು, ಆದರೂ ಬಿಡುವುದಿಲ್ಲ. ಆಮೇಲೆ ಎದುರು ಮನೆಯ ಗಂಡ ಹೆಂಡತಿ. ಈಗ ಬೀದಿದೀಪ ಇನ್ನೂ ಉರಿಯುತ್ತಿರುವಾಗಲೇ ಇಡೀ ಗಲ್ಲಿ ಪೊರಕೆ ಹಿಡಿದು ಹಾಜರ್!

ಎಷ್ಟು ಚೆನ್ನಾಗಿರುತ್ತದೆ ಗೊತ್ತಾ? ಯಾರೂ ಮಾತಾಡುವುದಿಲ್ಲ. ಬಗ್ಗಿ ಒಬ್ಬರಿಗೊಬ್ಬರು ನಮಸ್ಕಾರ ಮಾಡಿ ಸರಸರ ಗುಡಿಸುತ್ತೇವೆ. ಅಂಗಡಿಗಳ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಗುಡ್ಡದ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ, ಎಲ್ಲೋ ಸೋಯಾ ಕಾಳಿನ ತೋಫು ಮಾಡುವವರ ಮನೆಯ ಹಬೆ ನಮ್ಮ ಹಬ್ಬದ ದಿನದ ಹೂರಣದ ಬೇಳೆ ಬೆಂದ ಹಾಗೆ ಘಮ್ಮೆನ್ನುತ್ತದೆ. ಕೆಲವೇ ಗಂಟೆ ಕಳೆದರೆ ಬಾವುಟ ಹಿಡಿದ ಗೈಡುಗಳು, ಬಾಡಿಗೆ ಕಿಮೋನೋ ತೊಟ್ಟ ಹುಡುಗಿಯರು, ಕಲ್ಲು ಹಾಸಿನ ಮೇಲೆ ಗಡಗಡ ಎಳೆದುಕೊಂಡು ಹೋಗುವ ಸೂಟ್‌ಕೇಸುಗಳು. ಅದೇ ಊರು ಇದು ಎಂದು ನಂಬಲಾಗುವುದಿಲ್ಲ. ಬೆಳಗಿನ ಈ ಊರು ನಮ್ಮದು, ಅಕ್ಕ. ಎರಡು ವರ್ಷದಲ್ಲಿ ಮೊದಲ ಸಲ ನಾನು ಎಚ್ಚರವಾದಾಗ ಹೆದರಿಕೆಯಾಗದೆ ಖುಷಿಯಾಗುತ್ತಿದೆ.

ಇನ್ನೊಂದು ಹೇಳಲೇ? ಮೊನ್ನೆ ಒಕುಮುರಾ-ಸಾನ್ ಎಲ್ಲರೆದುರು ನನ್ನನ್ನು ಹೊಗಳಿದರು. "ನಿಮಗೆ ಬೆಳಗಿನ ಹೊತ್ತು ಎಷ್ಟೊಂದು ಶಕ್ತಿ! ನಮ್ಮಂಥವರಿಗೆ ನಾಚಿಕೆಯಾಗುತ್ತದೆ" ಎಂದರು. ನಾನು ಉಬ್ಬಿಹೋದೆ. ಮನೆ ನಮಗೇ ಸಿಗುತ್ತದೆ, ನೋಡುತ್ತಿರು.

ನೀರಜಾ


ಮೈಸೂರು
30 ಜೂನ್ 2013

ನೀರೂ,

ಅದು ಹೊಗಳಿಕೆಯಲ್ಲ ಕಣೇ, ದಡ್ಡಿ.

ನಮ್ಮತ್ತೆಯ ಜೊತೆ ಅಷ್ಟು ವರ್ಷ ಬಾಳಿದವಳು ನಾನು. "ನಮ್ಮ ಸತ್ಯಭಾಮಾ ತುಪ್ಪ ಬಡ್ಸೋದ್ರಲ್ಲಿ ಎಷ್ಟು ಧಾರಾಳ ನೋಡಿ" ಎಂದು ಅವರು ನಾಲ್ಕು ಜನರ ಮುಂದೆ ಅಂದರೆ, ಸಂಜೆಯೊಳಗೆ ತುಪ್ಪದ ಡಬ್ಬಿ ಅವರ ಕೋಣೆಯ ಬೀರುವಿಗೆ ಹೋಗಿರುತ್ತಿತ್ತು. ನಾಚಿಕೆಯಾಗುತ್ತದೆ ಎಂದರಂತಲ್ಲ ಆ ಹೆಂಗಸು, ಆ ಮಾತನ್ನು ಸರಿಯಾಗಿ ಕೇಳಿಸಿಕೋ. ಸೊಂಟ ನೋವಿನ ಮುದುಕರು ಕತ್ತಲಲ್ಲಿ ಎದ್ದು ಖುಷಿಗೆ ಗುಡಿಸುತ್ತಾರೆಯೇ? ಎಲ್ಲೋ ಏನೋ ಎಡವಟ್ಟಾಗಿದೆ. ವಿಚಾರಿಸು, ಬೇಗ ವಿಚಾರಿಸು. ಹೋಗುವುದು ನಿನ್ನ ಮನೆ.

ಸತ್ಯಭಾಮಾ


ಕ್ಯೋಟೋ
28 ಆಗಸ್ಟ್ 2013

ಅಕ್ಕಾ,

ನಿನ್ನ ಕಾಗದ ಓದಿ ಮೈಯೆಲ್ಲಾ ಉರಿಯಿತು. ನನ್ನ ಖುಷಿ ಕಂಡರೆ ನಿನಗೆ ಆಗುವುದಿಲ್ಲ, ನಾನು ಸೋತು ಬರಲೆಂದು ಕಾಯುತ್ತಿದ್ದೀ ಎಂದುಕೊಂಡೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಏಕೆಂದರೆ ನೀನು ಹೇಳಿದ್ದೇ ಸರಿ. ಅದಕ್ಕೂ ಸಿಟ್ಟಿದೆ, ಇರಲಿ.

ಇಲ್ಲಿ ಆಗಸ್ಟ್ ಕೊನೆಯಲ್ಲಿ ಗಲ್ಲಿ ಗಲ್ಲಿಗೂ ಒಂದು ಮಕ್ಕಳ ಹಬ್ಬ. ಮೂಲೆಯ ಗೂಡಿನಲ್ಲಿರುವ ಜಿಝೋ ಎಂಬ ದೇವರನ್ನು ತೊಳೆದು, ಹೂವಿಟ್ಟು, ಮುಂದೆ ಚಾಪೆ ಹಾಸುತ್ತಾರೆ. ಮಕ್ಕಳು ದೊಡ್ಡವರೆಲ್ಲ ಸುತ್ತ ಕೂತು ಒಂದು ಉದ್ದನೆಯ ಜಪಮಾಲೆಯನ್ನು ಕೈಯಿಂದ ಕೈಗೆ ಸುತ್ತಿಸುತ್ತಾರೆ. ಗಲ್ಲಿಗೆ ಒಂದೇ ಮಾಲೆ, ಅಷ್ಟು ದೊಡ್ಡದು. ನಮ್ಮನ್ನೂ ಕರೆದಿದ್ದರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ.

ಮಾಲೆ ಸುತ್ತುತ್ತಾ ಸುತ್ತುತ್ತಾ ನಿಂತುಹೋಯಿತು. ನೋಡಿದರೆ ನಿಶಿದಾ-ಸಾನ್ ಮಡಿಲಲ್ಲಿ ಮಣಿಗಳೆಲ್ಲ ರಾಶಿ ಬಿದ್ದಿವೆ, ಅವರು ಕೂತಲ್ಲೇ ಗೊರಕೆ. ಪಕ್ಕದಲ್ಲಿ ಎದುರುಮನೆಯ ಗಂಡ, ಅವರಿಗೂ ತೂಕಡಿಕೆ. ಒಕುಮುರಾ-ಸಾನ್ ಕಣ್ಣು ಬಿಟ್ಟುಕೊಂಡೇ ಇದ್ದರು, ಆದರೆ ತಲೆ ಒಂದೇ ಸಮ ಮುಂದಕ್ಕೆ ಬೀಳುತ್ತಿತ್ತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ! ನಿಶಿದಾ-ಸಾನ್ ಮೊಮ್ಮಗಳು ದೀಕ್ಷಾಳ ಕಿವಿಯಲ್ಲಿ ಏನೋ ಅಂದಳು. ಇವಳ ಮುಖ ಕೆಂಪಾಯಿತು.

ಮನೆಗೆ ಬಂದವಳೇ ಬ್ಯಾಗ್ ಎಸೆದಳು. "ಅಮ್ಮಾ, ಎವ್ರಿಬಡಿ ಈಸ್ ಸ್ಲೀಪಿ ಬಿಕಾಸ್ ಆಫ್ ಯೂ!"

"ನಾನೇನೇ ಮಾಡ್ದೆ?"

"ಯೂ ಸ್ವೀಪ್ ದೇರ್ ಹೌಸ್! ಇಲ್ಲಿ ಹಾಗ್ ಮಾಡ್ಬಾರ್ದು. ಇಟ್ಸ್ ಲೈಕ್, ನೀವು ಲೇಜಿ ಅಂತ ಹೇಳೋ ಥರ. ಸೋ ದೇ ಹ್ಯಾವ್ ಟು ಗೆಟ್ ಅಪ್ ಬಿಫೋರ್ ಯೂ. ಮತ್ತೆ ನೀನು ಇನ್ನೂ ಬೇಗ. ಮತ್ತೆ ಅವರು ಇನ್ನೂ ಬೇಗ!"

ಅಕ್ಕ, ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನು ಅವರ ಬಾಗಿಲು ಗುಡಿಸಿದಷ್ಟೂ ಅವರ ಮಾನ ತೆಗೆಯುತ್ತಿದ್ದೆ. ನನಗೆ ನಿದ್ದೆಯಿಲ್ಲವೆಂದು ಒಂದು ಗಲ್ಲಿಯ ನಿದ್ದೆಯನ್ನೇ ಕೆಡಿಸಿದೆನಲ್ಲ! ಅವರು ಒಂದು ಮಾತು ಅನ್ನಲಿಲ್ಲ, ಬಗ್ಗಿ ನಮಸ್ಕಾರ ಮಾಡಿಕೊಂಡೇ ಇದ್ದರು. ಅವತ್ತಿನಿಂದ ಪೊರಕೆ ಮುಟ್ಟಿಲ್ಲ. ಬಾಗಿಲ ಮುಂದೆ ಐಸ್‌ಕ್ರೀಮ್ ಕಡ್ಡಿ, ಟಿಕೆಟ್ ಚೂರು ಬಿದ್ದಿವೆ. ಬಾಗಿಲು ತೆಗೆಯಲು ಮುಖವಿಲ್ಲ. ಮನೆ ಹೋಯಿತು ಎಂದೇ ಅನಿಸುತ್ತಿದೆ.

ನೀರಜಾ


ಮೈಸೂರು
12 ಸೆಪ್ಟೆಂಬರ್ 2013

ನೀರೂ,

ನಾನೂ ನಿಮ್ಮ ಭಾವನೂ ನಕ್ಕಿದ್ದು ನಿನಗೆ ಕೇಳಿಸಿರಬೇಕು. ಜಪಮಾಲೆಯ ಕಡೆ ಬಂದಾಗ ಅವರಿಗೆ ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ನಗುವುದೆಲ್ಲ ಮುಗಿದ ಮೇಲೆ ಹೇಳುತ್ತಿದ್ದೇನೆ, ಕೇಳು.

ಮೊದಲನೆಯದು, ನೀನು ಸೋಲಲೆಂದು ನಾನು ಕಾಯುತ್ತಿಲ್ಲ. ಇನ್ನೊಂದು ಸಲ ಹಾಗೆ ಬರೆದರೆ ಕಾಗದ ಒಡೆಯುವುದೇ ಇಲ್ಲ. ಎರಡನೆಯದು, ಬಾಗಿಲು ಹಾಕಿಕೊಂಡು ಒಳಗೆ ಕೂರುವುದು ನಿನ್ನ ಹಳೆಯ ಚಾಳಿ. ಹತ್ತು ಸಲ ಗುಡಿಸಿದ್ದಕ್ಕಿಂತ ಈಗ ಕಸ ಬಿಟ್ಟಿರುವುದರಿಂದ ಅವರಿಗೆ ಹೆಚ್ಚು ನೋವಾಗಿರುತ್ತದೆ. ಎದ್ದು ಹೋಗು. ಬರಿಗೈಯಲ್ಲಿ ಹೋಗಬೇಡ. ಕೋಡುಬಳೆ ಮಾಡು, ಖಾರ ಕಡಿಮೆ ಹಾಕು. "ತಪ್ಪಾಯ್ತು, ಎಷ್ಟು ಗುಡಿಸ್ಬೇಕು ಹೇಳ್ಕೊಡಿ" ಎಂದು ಕೇಳು. ಕೇಳಿದವರನ್ನು ಯಾರೂ ಹೊರಗೆ ಹಾಕುವುದಿಲ್ಲ.

ಸತ್ಯಭಾಮಾ


ಕ್ಯೋಟೋ
27 ಅಕ್ಟೋಬರ್ 2013

ಅಕ್ಕಾ,

ಕೋಡುಬಳೆ ಒಯ್ದೆ. ದೀಕ್ಷಾಳನ್ನೂ ಎಳೆದುಕೊಂಡು ಹೋದೆ. ಒಕುಮುರಾ-ಸಾನ್ ಬಾಗಿಲು ತೆಗೆದ ಕೂಡಲೇ ಸೊಂಟ ಬಗ್ಗಿಸಿ "ಸುಮಿಮಾಸೆನ್", ತಪ್ಪಾಯಿತು, ಎಂದವಳು ಮತ್ತೆ ಏಳಲೇ ಇಲ್ಲ. "ಅಮ್ಮಾ, ಎನಫ್, ಎದ್ದೇಳು" ಎಂದು ದೀಕ್ಷಾ ಸೆರಗು ಎಳೆದಳು.

ಒಕುಮುರಾ-ಸಾನ್ ತಮ್ಮ ಪೊರಕೆ ತೆಗೆದುಕೊಂಡು ಹೊರಗೆ ಬಂದರು. ಎರಡು ಮನೆಗಳ ಗೋಡೆ ಸೇರುವ ಕಡೆಗೆ ನಮ್ಮ ಬಾಗಿಲಿನಿಂದ ಗುಡಿಸುತ್ತಾ ಬಂದರು. ಗೋಡೆಯ ಗೆರೆಯ ಹತ್ತಿರ ನಿಲ್ಲಿಸಲಿಲ್ಲ. ಅದನ್ನು ದಾಟಿ ತಮ್ಮ ಕಡೆಗೂ ಪೊರಕೆಯ ಅಗಲದಷ್ಟು ಗುಡಿಸಿ ಅಲ್ಲಿ ನಿಂತರು.

"ಇಷ್ಟು ನಮ್ದು" ಎಂದಳು ದೀಕ್ಷಾ, ಅವರು ಹೇಳಿದ್ದನ್ನು ಕೇಳಿಸಿಕೊಂಡು. "ಆಮೇಲೆ ಲಿಟಲ್ ಬಿಟ್ ಅವರ್ದು. ಗೆರೆಗೇ ನಿಲ್ಸಿದ್ರೆ ರೂಡ್. ಜಾಸ್ತಿ ಮಾಡಿದ್ರೆ... ಅಮ್ಮಾ, ಗಿರಿ ಅಂದ್ರೆ ಕನ್ನಡದಲ್ಲಿ ಏನು? ಯಾರಾದ್ರೂ ಏನಾದ್ರೂ ಮಾಡಿದ್ರೆ ನಾವೂ ತಿರುಗಿ ಮಾಡ್ಲೇಬೇಕು, ಇಲ್ದಿದ್ರೆ ನಿದ್ದೆ ಬರಲ್ಲ, ಆ ಥರ."

"ಋಣ" ಎಂದೆ.

ಅಷ್ಟೇ ಅಕ್ಕ ವಿಷಯ. ನಾನು ದಿನಾ ಬೆಳಗಾಗುವ ಮೊದಲು ಎಲ್ಲರ ತಲೆಯ ಮೇಲೆ ಋಣ ಹೊರಿಸಿ ಬರುತ್ತಿದ್ದೆ. ಪಾಪ, ಅವರು ತೀರಿಸಿ ತೀರಿಸಿ ಸುಸ್ತಾಗಿದ್ದರು.

ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು. ಇಷ್ಟು ಬೇಗ ಯಾಕೆ ಏಳುತ್ತೀರಿ ಎಂದು ಕೇಳಿದರು. ಹೇಳಿದೆ. ಹನ್ನೊಂದನೇ ಮಹಡಿ, ತೂಗಾಡಿದ್ದು, ಮಗಳು ಶಾಲೆಯಲ್ಲಿದ್ದಾಳೋ ಇಲ್ಲವೋ ಗೊತ್ತಾಗದೆ ಮೇಜಿನ ಕೆಳಗೆ ಕೂತಿದ್ದು, ಎಲ್ಲಾ. ದೀಕ್ಷಾಗೂ ಇದನ್ನೆಲ್ಲ ನಾನು ಯಾವತ್ತೂ ಹೇಳಿರಲಿಲ್ಲ. ಅವಳು ಜಪಾನಿಯಲ್ಲಿ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. ಒಕುಮುರಾ-ಸಾನ್ "ಹಾಗೋ" ಎಂದಷ್ಟೇ ಅಂದು ಇನ್ನೊಂದು ಲೋಟ ಚಹಾ ಬಗ್ಗಿಸಿದರು. ಕೋಡುಬಳೆ ಅವರಿಗೆ ಖಾರವೇ ಆಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಚೆನ್ನಾಗಿದೆ ಎಂದರು.

ಈಗ ಬೆಳಕಾಗುವವರೆಗೆ ಗಲ್ಲಿಯಲ್ಲಿ ಯಾರೂ ಪೊರಕೆ ಮುಟ್ಟುವುದಿಲ್ಲ. ನನಗೆ ಮಾತ್ರ ನಾಲ್ಕಕ್ಕೇ ಎಚ್ಚರ. ಕೈಗೆ ಕೆಲಸವಿಲ್ಲವಲ್ಲ, ಹಾಗಾಗಿ ಶಾಲು ಹೊದ್ದು ಗುಡ್ಡದ ದಾರಿ ಹತ್ತುತ್ತೇನೆ. ದೇವಸ್ಥಾನ ಆರಕ್ಕೆ ತೆಗೆಯುತ್ತದೆ. ಹಗಲಲ್ಲಿ ಭುಜಕ್ಕೆ ಭುಜ ತಾಗುವ ಆ ಮೆಟ್ಟಿಲುಗಳ ಮೇಲೆ ನಾನೊಬ್ಬಳೇ. ನೀರು ಬೀಳುವ ಸದ್ದು ಕೇಳಿಸುತ್ತದೆ, ಹಗಲಲ್ಲಿ ಅಲ್ಲಿ ನೀರಿದೆ ಎಂದೇ ತಿಳಿಯುವುದಿಲ್ಲ. ಒಂದು ದಿನ ಧೈರ್ಯ ಮಾಡಿ ಮೆಲ್ಲಗೆ ಒಂದು ದೇವರನಾಮ ಹಾಡಿಕೊಂಡೆ. ಕಾಗೆಯೊಂದು ಕೇಳಿಸಿಕೊಂಡಿತು. ಇಷ್ಟು ಜನ ಬರುವ ಊರಿನಲ್ಲಿ ಇಷ್ಟು ದೊಡ್ಡ ಮೌನ ನನ್ನೊಬ್ಬಳ ಪಾಲಿಗೆ ಬಂದಿದೆಯಲ್ಲ ಎಂದು ಸಂತೋಷವಾಗುತ್ತದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಎಂದೂ ಅನಿಸುತ್ತದೆ. ಯಾರು ಎಂದು ಬರೆಯುವುದಿಲ್ಲ.

ನಿನ್ನ
ನೀರೂ


ಕ್ಯೋಟೋ
8 ಮಾರ್ಚ್ 2014

ಅಕ್ಕಾ,

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಬೆಲ್ಲ ತಲುಪಿತು. ಗಲ್ಲಿಗೆಲ್ಲ ಚೂರು ಚೂರು ಹಂಚಿದೆ. ಎಲ್ಲರ ಮನೆಯಿಂದ ಮಾರನೇ ದಿನವೇ ಏನಾದರೊಂದು ತಿರುಗಿ ಬಂತು. ಈಗ ನನಗೆ ಆಶ್ಚರ್ಯವಾಗುವುದಿಲ್ಲ.

ನಿನ್ನೆ ಹೋಟೆಲಿನವರು ಬಂದಿದ್ದರು. ಟೇಪ್ ಹಿಡಿದು ಅಡುಗೆಮನೆಯಿಂದ ಹಿಡಿದು ಬಾಗಿಲವರೆಗೆ ಅಳೆದರು. ಇಲ್ಲಿ ಬಾತ್‌ರೂಮ್, ಇಲ್ಲಿ ಎರಡು ಹಾಸಿಗೆ ಎಂದು ನನ್ನ ಎದುರೇ ಮಾತಾಡಿಕೊಂಡರು. ಒಕುಮುರಾ-ಸಾನ್ ಅವರ ಹಿಂದೆ ಹಿಂದೆ ನಡೆಯುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಹೋಗುವಾಗ ಹೋಟೆಲಿನಾತ ಒಕುಮುರಾ-ಸಾನ್ ಅವರಿಗೆ ತುಂಬಾ ಬಗ್ಗಿ ನಮಸ್ಕಾರ ಮಾಡಿದ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಿಂಗಳ ಕೊನೆಗೆ ಕರಾರು ಮುಗಿಯುತ್ತದೆ. ಇವರು ಕ್ವಾರ್ಟರ್ಸಿಗೆ ಹೇಳಿ ಇಟ್ಟಿದ್ದಾರೆ. ಅಲ್ಲಿಯ ಬಾಲ್ಕನಿಯಿಂದ ನದಿ ಕಾಣುತ್ತದಂತೆ. ನದಿ ಕಟ್ಟಿಕೊಂಡು ನಾನೇನು ಮಾಡಲಿ?

ನೀರಜಾ


ಮೈಸೂರು
17 ಮಾರ್ಚ್ 2014

ನೀರೂ,

ಜಗಳವಾದರೂ ಆಗಲಿ, ಈ ಸಲ ಬರೆದುಬಿಡುತ್ತೇನೆ. ಬಾ. ದೀಕ್ಷಾಳನ್ನು ಕರೆದುಕೊಂಡು ಬಾ. ಕೇಶವ ವಾರಕ್ಕೊಮ್ಮೆ ಹಮಾಮತ್ಸು ಕಾರ್ಖಾನೆಗೆ ಅಲೆಯುತ್ತಾನೆ, ನೀನು ಒಂಬತ್ತನೇ ಮಹಡಿಯಲ್ಲಿ ಒಬ್ಬಳೇ ದೀಪ ನೋಡುತ್ತಾ ಕೂರುವುದನ್ನು ನೆನೆದರೆ ನನಗೇ ನಿದ್ದೆ ಬರುವುದಿಲ್ಲ. ನಾನು ಬೈಯುವುದು ಅದಕ್ಕೇ, ಇನ್ನು ಯಾವುದಕ್ಕೂ ಅಲ್ಲ.

ಅಕ್ಕ


ಕ್ಯೋಟೋ
2 ಏಪ್ರಿಲ್ 2014

ಅಕ್ಕಾ,

ನೀನು ಮೊದಲು ಕೂತುಕೋ. ಕೂತೆಯಾ?

ಕಳೆದ ವಾರ ಇವರು ನಸುಕಿನಲ್ಲೇ ಹಮಾಮತ್ಸುಗೆ ಹೊರಟುಹೋದರು. ದೀಕ್ಷಾಗೆ ರಜೆ, ಮಲಗಿದ್ದಳು. ನನಗೆ ಎಚ್ಚರವಾಯಿತು. ಎಂದಿನಂತೆ ಕತ್ತಲೆ ಇರಬೇಕಿತ್ತು, ಇರಲಿಲ್ಲ. ಕಿಟಕಿಗೆ ಗಾಜಿನ ಬದಲು ಅಂಟಿಸಿರುವ ಕಾಗದದ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಗಡಿಯಾರ ನೋಡಿದರೆ ಒಂಬತ್ತು ದಾಟಿದೆ! ನಾನು ಒಂಬತ್ತರವರೆಗೆ ಮಲಗಿದ್ದೆ, ಅಕ್ಕ. ಭೂಕಂಪದ ಹಿಂದಿನ ದಿನದಿಂದ ಈಚೆಗೆ ಮೊದಲ ಸಲ. ಯಾಕೆ ಬಂತೋ, ಹೇಗೆ ಬಂತೋ ಗೊತ್ತಿಲ್ಲ. ಮೈಯೆಲ್ಲ ಹಗುರ.

ಆಮೇಲೆ ನೆನಪಾಯಿತು. ಬಾಗಿಲು ಗುಡಿಸಿಲ್ಲ! ಕೂದಲು ಕೂಡ ಕಟ್ಟದೆ ಓಡಿ ಹೋಗಿ ಬಾಗಿಲು ಸರಿಸಿದೆ.

ನಮ್ಮ ಬಾಗಿಲು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿತ್ತು. ನೀರು ಹಾಕಿ, ಕಲ್ಲುಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಪೊರಕೆಯ ಅಗಲವಲ್ಲ, ಪೂರ್ತಿ. ನಮ್ಮ ಗೋಡೆಗೆ ಒಕುಮುರಾ-ಸಾನ್ ಪೊರಕೆ ಒರಗಿಸಿತ್ತು. ನನಗೆ ಅರ್ಥವಾಗಿಹೋಯಿತು. ಖಾಲಿ ಮಾಡುವವರ ಬಾಗಿಲನ್ನು ಮಾಲೀಕರೇ ಗುಡಿಸಿಕೊಳ್ಳುತ್ತಾರೆ. ಇನ್ನು ಇದು ಅವರ ಬಾಗಿಲು. ಅಲ್ಲೇ ಹೊಸ್ತಿಲಲ್ಲಿ ಕುಸಿದು ಅಳಲು ಶುರು ಮಾಡಿದೆ.

ಅಳುತ್ತಿದ್ದವಳಿಗೆ ಏನೋ ವಿಚಿತ್ರವೆನಿಸಿತು. ಒಂಬತ್ತು ದಾಟಿದೆ, ಚೆರ್ರಿ ಹೂವಿನ ಕಾಲ, ಗಲ್ಲಿಯ ತುಂಬ ಜನ. ಆದರೆ ಸದ್ದಿಲ್ಲ. ತಲೆ ಎತ್ತಿ ನೋಡಿದೆ.

ಗಲ್ಲಿಯ ಬಾಯಲ್ಲಿ ನಿಶಿದಾ-ಸಾನ್ ನಿಂತಿದ್ದಾರೆ. ಕೈಯಲ್ಲಿ ಮಡಚಿದ ಬೀಸಣಿಗೆ. ಸೂಟ್‌ಕೇಸ್ ಎಳೆದುಕೊಂಡು ಬಂದವರನ್ನೆಲ್ಲ ತಡೆದು, ಬೀಸಣಿಗೆಯಿಂದ ಚಕ್ರ ತೋರಿಸಿ, ಮೇಲೆತ್ತಿ ಎಂದು ಸನ್ನೆ ಮಾಡುತ್ತಿದ್ದಾರೆ. ದೈತ್ಯರಂಥ ಇಬ್ಬರು ಬಿಳಿಯರು ದೊಡ್ಡ ದೊಡ್ಡ ಸೂಟ್‌ಕೇಸುಗಳನ್ನು ತಲೆಯ ಮೇಲೆ ಹೊತ್ತುಕೊಂಡು ತುದಿಗಾಲಲ್ಲಿ ನನ್ನ ಮುಂದೆಯೇ ಹಾದುಹೋದರು. ಅವರ ಹಿಂದೆ ಕಿಮೋನೋ ಹುಡುಗಿಯರ ದಂಡು, ಮರದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಕಾಲುಚೀಲದಲ್ಲಿ! ಗೈಡೊಬ್ಬ ಬಾಯಿ ತೆರೆದ. ನಮ್ಮ ಕಿಟಕಿಯ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತಿದ್ದ ಒಕುಮುರಾ-ಸಾನ್ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಒಂದೇ ಸಲ ನೋಡಿದರು. ಅವನು ಬಾಯಿ ಮುಚ್ಚಿದ.

ಬೆಳಿಗ್ಗೆಯಿಂದ ಹೀಗೆ ಕಾವಲು ಕೂತಿದ್ದರಂತೆ. ನಾನು ಏಳದ್ದನ್ನು ನೋಡಿ, ಮಲಗಿದ್ದಾಳೆ, ಮಲಗಲಿ ಎಂದು.

ನನ್ನನ್ನು ಕಂಡು ಎದ್ದು ನಿಂತರು. ನಾನು ಗುಡಿಸಿದ್ದನ್ನು ತೋರಿಸಿ, ಬಂದಷ್ಟು ಜಪಾನಿಯಲ್ಲಿ, ಇಷ್ಟೆಲ್ಲ ಯಾಕೆ, ಇದು ಋಣವಾಗುವುದಿಲ್ಲವೇ ಎಂದೆ. ಅವರು ಸುತ್ತ ನೋಡಿದರು. "ಇವತ್ತು ನಿಮ್ಮ ಕಡೆ ಎಲೆ ಬಹಳ ಬಿದ್ದಿತ್ತು" ಎಂದರು. ನಮ್ಮ ಗಲ್ಲಿಯಲ್ಲಿ ಒಂದೇ ಒಂದು ಮರವಿಲ್ಲ, ಅಕ್ಕ.

ಅಷ್ಟರಲ್ಲಿ ದೀಕ್ಷಾ ಕಣ್ಣುಜ್ಜುತ್ತಾ ಬಂದಳು. ಒಕುಮುರಾ-ಸಾನ್ ಅವಳಿಗೆ ಏನೋ ಹೇಳಿ, ಹೇಳು ಎನ್ನುವಂತೆ ನನ್ನ ಕಡೆ ತೋರಿಸಿದರು.

"ಹೋಟೆಲ್‌ನವ್ರಿಗೆ ನೋ ಅಂದ್ರಂತೆ. ಅವತ್ತೇ, ಅಳತೆ ತಗೊಂಡ್ ಹೋಗೋವಾಗ್ಲೇ. ಅಮ್ಮನ್ಗೆ ಗೊತ್ತಾಗಿರತ್ತೆ ಅಂದ್ಕೊಂಡಿದ್ರಂತೆ" ಎಂದಳು ದೀಕ್ಷಾ.

"ಹೇಗ್ ಗೊತ್ತಾಗತ್ತೆ? ಯಾರೂ ಹೇಳ್ಲಿಲ್ವಲ್ಲ!"

"ಅವನು ಅಷ್ಟೊಂದು ಬಗ್ಗಿ ನಮಸ್ಕಾರ ಮಾಡಿದ್ನಲ್ಲ, ಅಂತಾರೆ. ನೋ ಅಂದವ್ರಿಗೇ ಅಷ್ಟು ಬಗ್ಗೋದಂತೆ. ಬಂದು ಹೋಗೋ ಜನ ಮಲಗೋದಿಲ್ಲ, ಬರೀ ಫೋಟೋ ತೆಗೀತಾರೆ, ಈ ಮನೇಲಿ ಮಲಗೋವ್ರು ಇರ್ಬೇಕು ಅಂತಾರೆ. ವಿ ಆರ್ ಸ್ಟೇಯಿಂಗ್, ಅಮ್ಮಾ."

ನಾನು ಬೀದಿಯಲ್ಲಿ, ಕೂದಲು ಬಿಟ್ಟುಕೊಂಡು, ಅಷ್ಟು ಜನರ ಮುಂದೆ ಒಕುಮುರಾ-ಸಾನ್ ಅವರನ್ನು ತಬ್ಬಿಕೊಂಡೆ. ಇಲ್ಲಿ ಹಾಗೆಲ್ಲ ಮಾಡಬಾರದು. ಅವರು ಕಂಬ ನಿಂತ ಹಾಗೆ ನಿಂತರು, ಆಮೇಲೆ ನನ್ನ ಬೆನ್ನು ತಟ್ಟಿದರು. ಯಾರೋ ಫೋಟೋ ತೆಗೆದರು. ತೆಗೆಯಲಿ ಬಿಡು.

ಕರಾರಿಗೆ ನಿನ್ನೆ ಸಹಿಯಾಯಿತು. ಈ ಸಲ ವರ್ಷದ ಲೆಕ್ಕವಿಲ್ಲ.

ನೀರೂ


ಮೈಸೂರು
15 ಏಪ್ರಿಲ್ 2014

ನೀರೂ,

ನಿನ್ನ ಕಾಗದ ಓದಿ ನಿಮ್ಮ ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಹಾಗೇ ಅತ್ತೆ. ಒಂಬತ್ತು ಗಂಟೆಯವರೆಗೆ ಮಲಗಿದ್ದೆಯಲ್ಲೇ, ನನ್ನ ಕಂದ.

ನಿನಗೊಂದು ವಿಷಯ ಹೇಳಿರಲಿಲ್ಲ. ಭೂಕಂಪದ ಸುದ್ದಿ ಟೀವಿಯಲ್ಲಿ ಬಂದ ದಿನವೇ ಮಹಡಿಯ ಕೋಣೆ ಖಾಲಿ ಮಾಡಿಸಿ ನಿನಗೆಂದು ಹಾಸಿಗೆ ಹಾಕಿಸಿದ್ದೆ. ಮೂರು ವರ್ಷ ಬೀಗ ಹಾಕಿತ್ತು. ವಾರಕ್ಕೊಮ್ಮೆ ತೆಗೆದು ಹೊದಿಕೆ ಒಗೆದು ಹಾಸುತ್ತಿದ್ದೆ, ನೀನು ಯಾವತ್ತು ಬೇಕಾದರೂ ಬಂದೀಯೆಂದು. ಭಾವ ಬೇಡವೆಂದರೂ ಕೇಳುತ್ತಿರಲಿಲ್ಲ.

ನಿನ್ನ ಕಾಗದ ಬಂದ ದಿನವೇ ಅದನ್ನು ಮೆಡಿಕಲ್ ಓದುವ ಕಾತ್ಯಾಯಿನಿ ಎಂಬ ಹುಡುಗಿಗೆ ಬಾಡಿಗೆಗೆ ಕೊಟ್ಟೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಂತೆ. ಇವತ್ತು ಭಾನುವಾರವಲ್ಲ, ಹಬ್ಬವಲ್ಲ, ಒಂಬತ್ತಾದರೂ ಬಾಗಿಲು ತೆಗೆದಿರಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಹೆಣ್ಣುಮಗಳು ಇಷ್ಟು ಹೊತ್ತು ಮಲಗುವುದೇ ಎಂದು ಬೈಯಲು ಮೆಟ್ಟಿಲು ಹತ್ತಿ ಹೋದೆ. ಬಾಗಿಲು ಬಡಿಯಲು ಕೈ ಎತ್ತಿದ್ದೆ.

ಬಡಿಯಲಿಲ್ಲ. ಮೆಲ್ಲಗೆ ಕೆಳಗಿಳಿದು ಬಂದು, ಕುಕ್ಕರ್ ಒಲೆಯಿಂದ ಇಳಿಸಿ, ತರಕಾರಿಯವನು ಕೂಗುವ ಮೊದಲೇ ಗೇಟಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತೆ. ಈ ಕಾಗದವನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ. ಹುಡುಗಿ ಇನ್ನೂ ಎದ್ದಿಲ್ಲ.

ನಿನ್ನ ಅಕ್ಕ
ಸತ್ಯಭಾಮಾ